ಭಾವನವರ ಹೆಬ್ಬೆರಳು

ಏನನ್ನಾದರೂ ಎಲ್ಲಿಗಾದರೂ ಗಟ್ಟಿಯಾಗಿ ಅಂಟಿಸಿ, ನಮ್ಮ ಭಾವನವರ ಕಣ್ಣಿಗೆ ಬೀಳುವ ಹಾಗೆ ಇಟ್ಟು, ನೀವು ಬಾವಿಕಟ್ಟೆಗೆ ಹೋಗಿ ಒಂದು ಕೊಡ ನೀರು ಸೇದಿಕೊಂಡು ಬನ್ನಿ. ತಿರುಗಿ ಬರುವಾಗ ಅದು ಅಂಟಿಸಿದಲ್ಲೇ ಇದ್ದರೆ ಭಾವನವರು ಊರಲ್ಲಿಲ್ಲ ಎಂದು ತಿಳಿಯಬೇಕು.

ಭಾವ ಎಂದರೆ ನಮ್ಮನೆಯವರ ಅಣ್ಣ. ಅವರ ಹೆಸರು ಹೇಳುವುದಿಲ್ಲ. ಇಷ್ಟು ವರ್ಷ ಹೇಳದ ಹೆಸರನ್ನು ಈಗ ಹೇಳಿ, ಈ ವಯಸ್ಸಿನಲ್ಲಿ ಹೊಸ ಪಾಪ ಯಾಕೆ ಕಟ್ಟಿಕೊಳ್ಳಲಿ? ಅಂಟಿದ್ದನ್ನು ಬಿಡಿಸುವುದು ಅವರ ಕೆಲಸ, ಅವರ ಹುಚ್ಚು, ಕೆಲವು ಸಲ ನಮ್ಮ ಗ್ರಹಚಾರ. ಬೆಂಕಿಪೆಟ್ಟಿಗೆಯ ಮೇಲಿನ ಚಿತ್ರ, ಸಾಬೂನಿನ ಪೆಟ್ಟಿಗೆಯ ಮೇಲಿನ ಕಾಗದ, ಔಷಧದ ಬಾಟ್ಲಿಯ ಚೀಟಿ, ಯಾವುದೂ ನಮ್ಮ ಮನೆಯಲ್ಲಿ ಎರಡು ದಿನ ಬದುಕಿದ್ದಿಲ್ಲ. ಒಮ್ಮೆ ನಾನು ತವರಿಗೆ ಬರೆದ ಕಾಗದಕ್ಕೆ ಸ್ಟಾಂಪು ಅಂಟಿಸಿ ಜಗಲಿಯ ಮೇಲೆ ಇಟ್ಟಿದ್ದೆ. ಅದನ್ನು ಅಂಚೆಗೆ ಹಾಕುವ ಪುಣ್ಯ ಭಾವನವರದ್ದು. ಹಾಕಿ ಬಂದು ಸ್ಟಾಂಪನ್ನು ಸುಕ್ಕಿಲ್ಲದೆ ಒಣಗಿಸಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದರು. ಅಪ್ಪಯ್ಯ ದಂಡ ತೆತ್ತು ಮಗಳ ಕಾಗದ ಬಿಡಿಸಿಕೊಳ್ಳಬೇಕಾಯಿತು.

ಬಾಟ್ಲಿಗಳ ಕಥೆ ಇನ್ನೊಂದು. ನಮ್ಮನೆಯವರಿಗೆ ಕೆಮ್ಮಿನ ಔಷಧ, ಅತ್ತೆಗೆ ಮಂಡಿನೋವಿನ ಎಣ್ಣೆ. ಎರಡೂ ಒಂದೇ ಅಳತೆಯ ಬಾಟ್ಲಿ, ಒಂದೇ ಕಂದು ಬಣ್ಣ. ಚೀಟಿಗಳಿದ್ದಾಗ ತೊಂದರೆ ಇರಲಿಲ್ಲ. ಚೀಟಿ ಹೋದ ಮೂರನೆಯ ದಿನ ಅತ್ತೆ ಜೇನಿನಂತಹ ಕೆಮ್ಮಿನ ಔಷಧವನ್ನು ಎರಡೂ ಮಂಡಿಗೆ ಚೆನ್ನಾಗಿ ತಿಕ್ಕಿಕೊಂಡು ಬಿಸಿಲಿಗೆ ಕೂತರು. ಅಂಗಳದ ಇರುವೆಗಳಿಗೆಲ್ಲ ಹಬ್ಬ. "ಮಂಡಿನೋವ್ ಹ್ಯಾಂಗಿತ್ತ್ ಅಬ್ಬಿ?" ಎಂದು ಭಾವ ಕೇಳಿದರೆ, ಅತ್ತೆ ಹಣೆಯ ನಡುವಿನ ಬಿಳಿ ಕಲೆಯನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತ, "ಮಂಡಿ ಇತ್ತೋ ಇಲ್ಯೋ ಅಂದೇಳಿಯೇ ಗೊತ್ತಾತ್ತಿಲ್ಲೆ ಮಗ. ಇರು ಕಚ್ಚದ್ದ್ ಒಂದೇ ಗೊತ್ತಾತ್ತ್" ಎಂದರು.

ಇಷ್ಟು ಕೇಳಿ ನೀವು ಅವರನ್ನು ಬರೀ ತಲೆಹರಟೆ ಎಂದುಕೊಂಡರೆ ತಪ್ಪು. ಈ ಕೆಲಸ ಅವರಿಗೆ ಅನ್ನ ಕೊಟ್ಟಿತ್ತು. ನಮಗೂ ಕೊಟ್ಟಿತ್ತು.

ಭಾವನವರು ಹದಿನೈದನೆಯ ವಯಸ್ಸಿಗೆ ಮುಂಬಯಿಗೆ ಹೋದವರು. ನಮ್ಮ ಕಡೆಯ ಎಲ್ಲರ ಹಾಗೆ ಮೊದಲು ಹೋಟೆಲಿನಲ್ಲಿ ಲೋಟ ತೊಳೆದರು. ಆಮೇಲೆ ಕಾರುಗಳಿಗೆ ಬಣ್ಣ ಹೊಡೆಯುವ ಒಂದು ಕಾರ್ಖಾನೆ ಸೇರಿದರು. ಅಲ್ಲಿನ ಉಸ್ತಾದ ಎರಡು ವರ್ಷ ಇವರ ಕೈಗೆ ಕುಂಚವನ್ನೇ ಕೊಡಲಿಲ್ಲವಂತೆ. ಬಂದ ಕಾರುಗಳ ಮೇಲಿನ ಚೀಟಿ, ಹಿತ್ತಾಳೆಯ ಬಿಲ್ಲೆ, ಹಳೆಯ ಯಜಮಾನರ ಹೆಸರಿನ ಹಲಗೆ, ಇವನ್ನು ಬಿಡಿಸುವುದಷ್ಟೇ ಕೆಲಸ. ಅಡಿಯ ಬಣ್ಣ ಉಗುರಿನಷ್ಟು ಎದ್ದರೂ ಉಸ್ತಾದನ ಕೈಯ ಪೆಟ್ಟು. ಹಾಗೆ ಕಲಿತ ವಿದ್ಯೆ ಹೊತ್ತುಕೊಂಡು, ಎರಡನೆಯ ಮಹಾಯುದ್ಧ ಶುರುವಾಗುವ ಸ್ವಲ್ಪ ಮೊದಲು ಊರಿಗೆ ಬಂದರು. ಕುಂದಾಪುರದ ಒಬ್ಬ ಸಾಹುಕಾರರು ಹಳೆಯ ಬಸ್ಸೊಂದನ್ನು ಕೊಂಡಿದ್ದರು. ಅದಕ್ಕೆ ಭಾವ ಬಣ್ಣ ಹೊಡೆದರು. ಏಳು ಸಲ ಹೊಡೆದು, ಏಳು ಸಲ ತಿಕ್ಕಿ, ಆಗ ತಾನೇ ಬಿಚ್ಚಿದ ಬಾಳೆಯ ಸುಳಿಯಂತಹ ಹಸುರು. ಎದುರಿಗೆ, ಎರಡು ದೀಪಗಳ ನಡುವೆ, ತಮ್ಮ ಮನಸ್ಸಿಗೆ ಬಂದ ಹಾಗೆ ಒಂದು ಕೆಂಪು ತಾವರೆ ಬರೆದರು. ನಮ್ಮನೆಯವರು ಆ ಬಸ್ಸಿನ ಡ್ರೈವರು, ಭಾವ ಅದರ ಬಣ್ಣದ ಕಾವಲುಗಾರ. ಬ್ರಹ್ಮಾವರದ ಕಡೆ ಹೊಳೆಯ ದಡದವರೆಗೆ ಹೋಗಿ, ಜನರನ್ನು ದೋಣಿಗೆ ಇಳಿಸಿ, ಆಚೆಯಿಂದ ದೋಣಿಯಲ್ಲಿ ಬಂದವರನ್ನು ಹತ್ತಿಸಿಕೊಂಡು ಕುಂದಾಪುರಕ್ಕೆ ಮರಳುವ ಬಸ್ಸು ಅದು.

ಯುದ್ಧ ಬಂತು. ಸೀಮೆಎಣ್ಣೆ ಹೋಯಿತು, ಸಕ್ಕರೆ ಹೋಯಿತು, ಪೆಟ್ರೋಲು ಹೋಯಿತು. ಪೆಟ್ರೋಲಿನ ಬದಲಿಗೆ, ಇದ್ದಿಲು ಉರಿಸಿ ಆ ಹೊಗೆಯಲ್ಲೇ ಓಡಿಸಲು, ಬಸ್ಸಿನ ಬೆನ್ನಿಗೆ ದೊಡ್ಡ ಪೀಪಾಯಿ ಕಟ್ಟಿದರು. ಇವೆಲ್ಲಕ್ಕಿಂತ ದೊಡ್ಡ ಸಂಕಟವೆಂದರೆ, ಭಾವನವರ ಲೆಕ್ಕದಲ್ಲಿ, ಬಣ್ಣದ ಡಬ್ಬಿ ಹೋಯಿತು. ಕುಂದಾಪುರದಿಂದ ಮಂಗಳೂರಿನವರೆಗೆ ಹುಡುಕಿದರೂ ಆ ಹಸುರು ಒಂದು ಚಮಚ ಸಿಗಲಿಲ್ಲ. ಸಾಹುಕಾರರು ಒಂದು ದಿನ ಬಂದು ಅಣ್ಣತಮ್ಮಂದಿರಿಬ್ಬರನ್ನೂ ನಿಲ್ಲಿಸಿ, "ಕಾಣಿ, ಬಸ್ಸ್ ಚಂದ ಇಪ್ಪಲ್ಲಿವರೆಗೆ ಜನ ಹತ್ತುತ್ರ್. ಬಣ್ಣ ಹೋಯಿ ತಗಡ್ ಕಂಡ್ರೆ ನಾನ್ ಇದನ್ ಘಟ್ಟದ್ ಮೇಲಿನವ್ರಿಗೆ ಮಾರ್ತೆ. ಮತ್ ನಿಮ್ದ್ ನೀವ್ ಕಂಡ್ಕಣಿ" ಎಂದು ಹೇಳಿಹೋದರು.

ಎರಡು ಸಂಸಾರದ ಗಂಜಿ ಆ ಹಸುರು ಬಣ್ಣದ ಮೇಲೆ ನಿಂತಿತ್ತು. ಅದೇ ಹೊತ್ತಿಗೆ ಊರವರಿಗೆಲ್ಲ ಏನೇ ಅಂಟಿಸುವುದಿದ್ದರೂ ನಮ್ಮ ಬಸ್ಸೇ ಬೇಕು. ಯಕ್ಷಗಾನದ ಮೇಳದವರ ಚೀಟಿ, ನಾಟಕದವರ ಚೀಟಿ, ಹಲ್ಲುಪುಡಿಯ ಚೀಟಿ, ಗಂಗೊಳ್ಳಿಯಲ್ಲಿ ಯಾರದ್ದೋ ಬಲೆ ಕಳೆದುಹೋದರೆ ಅದಕ್ಕೊಂದು ಚೀಟಿ. ಗೋಡೆಯಾದರೆ ನಿಂತಲ್ಲೇ ನಿಲ್ಲುತ್ತದೆ, ಬಸ್ಸಾದರೆ ಊರೂರು ತಿರುಗುತ್ತದೆ, ಅಲ್ಲವೇ? ಚೀಟಿ ಅಂಟಿಸಿದವರನ್ನು ಭಾವ ಬೈಯುತ್ತಿರಲಿಲ್ಲ. ಚೀಟಿ ಕೆರೆಯಲು ಚಾಕು ಹಿಡಿದವರನ್ನು ಮಾತ್ರ ಬಿಡುತ್ತಿರಲಿಲ್ಲ.

ಅವರ ಕ್ರಮವೇ ಬೇರೆ. ಮೊದಲು ಚೀಟಿಯನ್ನು ಮೂಸುವರು. "ಇದ್ ಬ್ರಹ್ಮಾವರದವ್ರದ್ದ್. ಮೈದಾಕ್ಕೆ ಮೈಲುತುತ್ತ ಹಾಕಿರ್, ಜಿರಲಿ ತಿಂಬುಕಾಗ ಅಂದೇಳಿ." ಆಮೇಲೆ ಕಣ್ಣು ಮುಚ್ಚಿ ಬಲಗೈ ಹೆಬ್ಬೆರಳನ್ನು ಮೆಲ್ಲಗೆ ಅದರ ಮೇಲೆ ಸವರುವರು. ಎಲ್ಲಿ ಅಂಟು ಮುಗಿದು ಬಣ್ಣ ಶುರುವಾಗುತ್ತದೆ ಎಂದು ಆ ಹೆಬ್ಬೆರಳಿಗೆ ತಿಳಿಯುತ್ತಿತ್ತು. ಆಮೇಲೆ ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಹಳೆಯ ಪಂಚೆಯ ತುಂಡು. ಒಂದು ಎಲೆಯಡಿಕೆ ಅಗಿದು ಮುಗಿಯುವಷ್ಟು ಹೊತ್ತು ಅದು ಚೀಟಿಯ ಮೇಲೆ ಕೂರಬೇಕು. ಆಮೇಲೆ ಅಂಚಿಗೆ ತೆಂಗಿನೆಣ್ಣೆ. ಆಮೇಲೆ ಹೆಬ್ಬೆರಳಿನ ಮೆತ್ತನೆಯ ಭಾಗದಿಂದ, ಮಗುವಿನ ಕಣ್ಣಿನ ಪಿಸುರು ತೆಗೆಯುವ ಹಾಗೆ, ಮೂಲೆಯಿಂದ ಮೂಲೆಗೆ ಉರುಳಿಸುವುದು. ಉಗುರು ತಾಗಬಾರದು, ತಾಗಿದರೆ ಅವರೇ ನಾಲಿಗೆ ಕಚ್ಚಿಕೊಳ್ಳುವರು. ಹಿತ್ತಾಳೆಯ ಬಿಲ್ಲೆಯಾದರೆ ಎಣ್ಣೆಯಲ್ಲಿ ನೆನೆಸಿದ ಬಾಳೆನಾರನ್ನು ಅದರ ಹಿಂದೆ ತೂರಿಸಿ, ಎರಡು ಕೈಯಲ್ಲಿ ಹಿಡಿದು ಗರಗಸದ ಹಾಗೆ ಆಚೆ ಈಚೆ ಎಳೆಯುವುದು. ಎಷ್ಟು ಹೊತ್ತು? ಬಿಡುವವರೆಗೆ.

ಇಷ್ಟೆಲ್ಲದರಲ್ಲಿ ನನ್ನ ಪಾಲಿನ ಸಂಕಟ ತೆಂಗಿನೆಣ್ಣೆಯದ್ದು. ಒಗ್ಗರಣೆಗೆ, ತಲೆಗೆ, ದೇವರ ದೀಪಕ್ಕೆ ಎಂದು ನಾನು ತೆಗೆದಿಟ್ಟ ಎಣ್ಣೆಯೆಲ್ಲ ಬಸ್ಸಿನ ಮೈಗೆ ಹೋಗುತ್ತಿತ್ತು. ಕೇಳೋಣವೆಂದರೆ ನಮ್ಮ ಮನೆಯ ಕ್ರಮದಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವ ಹಾಗಿಲ್ಲ, ಭಾವ ಅವಳ ಮುಖ ನೋಡುವ ಹಾಗಿಲ್ಲ. ಅವರಂತೂ ಈ ಕ್ರಮವನ್ನು ಬಣ್ಣದಷ್ಟೇ ಜೋಪಾನವಾಗಿ ಕಾಪಾಡಿದವರು. ಅಡುಗೆಮನೆಯ ಹೊರಗೆ ಬಂದು ನಿಂತು, ಜಗಲಿಯ ಕಂಬದ ಕಡೆ ಮುಖ ಮಾಡಿ, "ಎಣ್ಣಿ ಒಂಚೂರ್ ಬೇಕಿತ್ತ್" ಎನ್ನುವರು. ನಾನು ಅರೆಯುವ ಕಲ್ಲಿನ ಕಡೆ ನೋಡಿ, "ನಿನ್ನಿ ಕೊಟ್ಟದ್ದ್ ಎಂತ ಆಯ್ತ್ ಅಂಬ್ರ್?" ಎನ್ನುವೆನು. "ನಿನ್ನೇದ್ ನಾಟಕದವ್ರ್ ತಿಂದ್ರ್" ಎಂದು ಅವರು ಕಂಬಕ್ಕೆ ಹೇಳುವರು. ಜಗಲಿಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದ ಅತ್ತೆ ಒಂದು ದಿನ ತಡೆಯಲಾರದೆ ಅಂದರು: "ಈ ಮನ್ಯಗೆ ಕಂಬಕ್ಕೂ ಕಲ್ಲಿಗೂ ಇಪ್ಪಷ್ಟ್ ಮಾತುಕತಿ ಮನ್ಷ್ರಿಗಿಲ್ಲೆ."

ನಾಟಕದವರು ಎಣ್ಣೆ ತಿಂದದ್ದು ಹೀಗೆ. ಬ್ರಹ್ಮಾವರದಲ್ಲಿ ಡೇರೆ ಹಾಕಿದ್ದ ಒಂದು ನಾಟಕ ಕಂಪೆನಿಯ ಮ್ಯಾನೇಜರು ದಿನಾ ಬೆಳಿಗ್ಗೆ ಬಸ್ಸಿನ ಎಡಮಗ್ಗುಲಿಗೆ ಅಂಗೈಯಗಲದ ನಾಲ್ಕು ಚೀಟಿ ಅಂಟಿಸುವರು. ಭಾವ ಸಂಜೆಯೊಳಗೆ ನಾಲ್ಕನ್ನೂ ಬಿಡಿಸಿ, ನೀರಿನಲ್ಲಿ ಅಂಟು ತೊಳೆದು, ಒಣಗಿಸಿ, ನೆರಿಗೆ ಬಿಡಿಸಿ ಮಾರನೆಯ ದಿನ ಅವರ ಕೈಗೇ ಕೊಡುವರು. "ಇಕಣಿ ನಿಮ್ದ್." ಮ್ಯಾನೇಜರು ಮೊದಲ ದಿನ ಸಿಟ್ಟಾದರು. ಎರಡನೆಯ ದಿನ ಬೆರಗಾದರು. ಮೂರನೆಯ ದಿನ ಲೆಕ್ಕ ಹಾಕಿದರು. ಯುದ್ಧದ ಕಾಲ, ಕಾಗದಕ್ಕೂ ಬರ! ಅಂದಿನಿಂದ ಅವರು ಹೊಸ ಚೀಟಿ ಅಚ್ಚು ಹಾಕಿಸುವುದನ್ನೇ ಬಿಟ್ಟರು. ಬೆಳಿಗ್ಗೆ ಅವರು ಅಂಟಿಸುವುದು, ಸಂಜೆ ಇವರು ಬಿಡಿಸುವುದು. ಒಂದೂವರೆ ತಿಂಗಳು ಅದೇ ನಾಲ್ಕು ಚೀಟಿ ಓಡಿದವು. ಕಂಪೆನಿ ಡೇರೆ ಕಿತ್ತು ಹೋಗುವಾಗ ಮ್ಯಾನೇಜರು ಭಾವನವರ ಕೈ ಹಿಡಿದು, "ನಿಮ್ಮಂಥವರು ಒಬ್ಬರು ನಮ್ಮ ಕಂಪೆನಿಗೆ ಬೇಕಿತ್ತು" ಎಂದರಂತೆ. ಇವರು ಬಿಡಿಸುವ ಕಾಟಕ್ಕೆ ಬೇಸತ್ತು ಅವರು ನಿಲ್ಲಿಸಬೇಕಿತ್ತು. ಇವರೇ ಅವರ ಕಂಪೆನಿಯನ್ನು ನಡೆಸಿಕೊಟ್ಟ ಹಾಗಾಯಿತು.

ಬೈಂದೂರಿನ ಕಡೆಯ ಮದುವೆಯಲ್ಲಿ ಆದದ್ದು ಮಾತ್ರ ಹೇಳಿದರೆ ಈಗಲೂ ಅಕ್ಕನಿಗೆ ನಾಚಿಕೆ. ಅಕ್ಕ ಎಂದರೆ ಭಾವನವರ ಹೆಂಡತಿ, ನನ್ನ ಓರಗಿತ್ತಿ. ಮದುವೆ ಅವಳ ಚಿಕ್ಕಪ್ಪನ ಮಗಳದ್ದು. ನಾವೆಲ್ಲ ದೋಣಿಯಲ್ಲಿ ಗಂಗೊಳ್ಳಿಗೆ ದಾಟಿ, ಅಲ್ಲಿಂದ ಬಿಜೂರಿನವರೆಗೆ ಬಸ್ಸಿನಲ್ಲಿ ಹೋದೆವು. ಗಂಡಿನವರು ಭಟ್ಕಳದ ಕಡೆಯಿಂದ ಕರಿಯ ಕಾರೊಂದನ್ನು ಬಾಡಿಗೆಗೆ ತಂದು, ಅದರ ಬಾಗಿಲಿಗೆಲ್ಲ ಬಣ್ಣದ ಕಾಗದದ ಹೂವು, ಹಿಂದೆ 'ಶುಭ ವಿವಾಹ' ಎಂದು ಜರಿಕಾಗದದ ಅಕ್ಷರ ಅಂಟಿಸಿದ್ದರು. ಅದರ ಪಕ್ಕದಲ್ಲೇ ಮದುವೆಗೆ ಬಂದ ವಕೀಲರೊಬ್ಬರ ಕಾರು. ಅದೂ ಕರಿಯದೇ, ಅದೇ ಮಾದರಿಯದ್ದು.

ಒಳಗೆ ಧಾರೆ ಎರೆಯುವ ಹೊತ್ತಿಗೆ ಭಾವನವರ ಜಾಗ ಖಾಲಿ. ಅಕ್ಕ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. "ಎಣ್ಣಿ ತಂದಿರಾ ಇವ್ರ್?" ಎಂದಳು. "ದೇವ್ರ ಹತ್ರ ದೀಪದ್ ಎಣ್ಣಿ ಇತ್ತಲೆ ಅಕ್ಕ" ಎಂದೆ.

ಊಟ ಮುಗಿದು ಹೆಣ್ಣು ಕಳಿಸಿಕೊಡುವಾಗ ಅಂಗಳದಲ್ಲಿ ಎರಡು ಕರಿಯ ಕಾರು, ಎರಡೂ ಕನ್ನಡಿಯ ಹಾಗೆ ಹೊಳೆಯುತ್ತಿವೆ, ಯಾವುದರ ಮೇಲೂ ಒಂದು ಎಸಳು ಕಾಗದವಿಲ್ಲ. ಗಡಿಬಿಡಿಯಲ್ಲಿ ಮದುಮಗಳನ್ನು ವಕೀಲರ ಕಾರಿನಲ್ಲಿ ಕೂರಿಸಿ ಬಾಗಿಲು ಹಾಕಿದರು. ಅವಳು ಅಳುತ್ತ ತಲೆ ತಗ್ಗಿಸಿ ಕೂತಳು. ಮದುಮಗ ಇನ್ನೊಂದರಲ್ಲಿ ಕೂತು ಕಾದ. ವಕೀಲರು ಎಲೆಯಡಿಕೆ ಹಾಕಿಕೊಂಡು ನಿಧಾನವಾಗಿ ಬಂದು, ಬಾಗಿಲು ತೆಗೆದು, ಒಳಗೆ ನೋಡಿ, ತಮ್ಮ ಕನ್ನಡಕ ಒರೆಸಿಕೊಂಡು, "ಯಾರ್ ಮಗು ನೀನು?" ಎಂದು ಕೇಳಿದರು. ಭಾವನವರು ಹೆಣ್ಣಿನ ತಂದೆಯ ಹತ್ತಿರ ಹೋಗಿ, ಬಾಳೆಲೆಯಲ್ಲಿ ಸುತ್ತಿದ ಒಂದು ಕಟ್ಟು ಕೊಟ್ಟರು. "ಅಕ್ಷರ ಒಂದೂ ಹರೀಲಿಲ್ಲೆ. ಸಣ್ಣವ್ಳ್ ಮದಿಗೆ ಆತ್ತ್" ಎಂದರು. ಆಶ್ಚರ್ಯವೆಂದರೆ ಎರಡು ವರ್ಷದ ಮೇಲೆ ಸಣ್ಣವಳ ಮದುವೆಗೆ ಅದೇ ಅಕ್ಷರ ಅಂಟಿಸಿದರು. ಭಾವನವರಿಗೆ ಕರೆ ಮಾತ್ರ ಬರಲಿಲ್ಲ.

ಆಗಸ್ಟ್ ತಿಂಗಳ ಗಲಾಟೆಯ ವರ್ಷ ಅವರು ದೇಶಭಕ್ತರಾದದ್ದೂ ಹೀಗೇ. ಒಂದು ಬೆಳಿಗ್ಗೆ ನೋಡಿದರೆ ಬಸ್ಸಿನ ಬಲಮಗ್ಗುಲಿಗೆ, ಈ ತುದಿಯಿಂದ ಆ ತುದಿಗೆ, ಬಿಳಿಯರು ದೇಶ ಬಿಟ್ಟು ಹೋಗಬೇಕೆಂದು ಬರೆದ ಉದ್ದನೆಯ ಕಾಗದ. ಯಾರು ಅಂಟಿಸಿದರೋ, ಅಂತೂ ಅಂಟಿನ ಕೆಲಸ ಗಟ್ಟಿ. ಪೇದೆಯೊಬ್ಬರು ಕೈಯಲ್ಲಿ ಉಳಿ ಹಿಡಿದು ಬಂದರು.

"ಹ್ವಾಯ್, ಇದನ್ ಈಗ್ಲೇ ಕೆರ್ದ್ ತೆಗಿನಿ."

"ಕೆರುಕಾಗ. ಬಣ್ಣ ಏಳ್ತ್" ಎಂದರು ಭಾವ.

"ಸರ್ಕಾರದ್ ಹುಕುಂ ಮಾರಾಯ್ರೆ."

"ಸರ್ಕಾರದ್ ಹತ್ರ ಹಸ್ರ್ ಬಣ್ಣ ಇತ್ತಾ? ಒಂದ್ ಡಬ್ಬಿ ಕೊಡುಕೆ ಹೇಳಿ, ನಾನೇ ಕೆರಿತೆ."

ಪೇದೆ ಉಳಿ ಎತ್ತಿದರು. ಭಾವ ಹೋಗಿ ಬಸ್ಸಿಗೆ ಬೆನ್ನು ಕೊಟ್ಟು, ಎರಡು ಕೈ ಚಾಚಿ, ಕಾಗದದ ಮೇಲೆಯೇ ಅಡ್ಡ ನಿಂತರು. ಪೇಟೆಯ ಜನ ಸೇರಿದರು. ಯಾರೋ ಜೈಕಾರ ಹಾಕಿದರು. ಭಾವನವರನ್ನು ಠಾಣೆಗೆ ಕರೆದುಕೊಂಡು ಹೋಗಿ ಮಧ್ಯಾಹ್ನದವರೆಗೆ ಕೂರಿಸಿದರು. ಅಲ್ಲಿಯೂ ಇವರದ್ದು ಒಂದೇ ಮಾತು: "ತೆಗುದಿಲ್ಲೆ ಅಂದೇಳಿ ಹೇಳ್ಲಿಲ್ಲೆ. ಮೂರ್ ದಿನ ಬೇಕ್." ಕೊನೆಗೆ ಅವರಿಗೂ ಸಾಕಾಗಿ, ತೆಗೆದು ತೊಲಗು ಎಂದು ಬಿಟ್ಟರು. ಆ ಮೂರು ದಿನ ನೆನೆಸುವುದು, ಎಣ್ಣೆ ಹಚ್ಚುವುದು, ಬಸ್ಸು ಹೊರಡುವ ಹೊತ್ತಾದಾಗ ನಿಲ್ಲಿಸುವುದು, ಬಂದ ಮೇಲೆ ಮತ್ತೆ ನೆನೆಸುವುದು. ಕಾಗದ ಅರ್ಧರ್ಧ ಬಿಡುತ್ತ, ಆದರೆ ಓದಲು ಬರುತ್ತ, ಹೊಳೆಯ ದಡಕ್ಕೂ ಕುಂದಾಪುರಕ್ಕೂ ಓಡಾಡಿತು. ನಾಲ್ಕನೆಯ ದಿನ ಪೇಟೆಯವರು ಭಾವನವರನ್ನು ಕುರ್ಚಿಯಲ್ಲಿ ಕೂರಿಸಿ ಹೂವಿನ ಹಾರ ಹಾಕಿ, ನಾಲ್ಕು ಮಾತಾಡಿ ಎಂದರು. ಅವರು ಎದ್ದು ನಿಂತು, "ಮೈದಾಕ್ಕೆ ಮೈಲುತುತ್ತ ಹಾಕುಕಾಗ. ಬಣ್ಣಕ್ಕೆ ಕೆಟ್ಟದ್ದ್" ಎಂದು ಹೇಳಿ ಕೂತರು. ಜನ ಚಪ್ಪಾಳೆ ತಟ್ಟಿದರು. ಒಳ ಅರ್ಥ ಏನೋ ಇದೆ ಎಂದು ಹೋಟೆಲಿನಲ್ಲಿ ಎಷ್ಟೋ ದಿನ ಚರ್ಚೆ ನಡೆಯಿತು.

ಈಗ ತಾವರೆಯ ವಿಷಯ ಹೇಳಬೇಕು. ಅದರಿಂದಾಗಿ ನಮ್ಮ ಎರಡು ಸಂಸಾರವೂ ಒಮ್ಮೆ ಬೀದಿಗೆ ಬೀಳುವುದರಲ್ಲಿತ್ತು.

ಬಸ್ಸು ಓಡತೊಡಗಿ ಒಂದು ವರ್ಷದ ಮೇಲೆ ಸಾಹುಕಾರರಿಗೆ ಒಬ್ಬ ಪಾಲುದಾರರು ಸೇರಿದ್ದರು. ಆಗ ಅವರ ಹೆಸರಿನ ಹಿತ್ತಾಳೆಯ ಹಲಗೆಯೊಂದನ್ನು ಬಸ್ಸಿನ ಎದುರಿಗೆ, ತಾವರೆಯ ಮೇಲ್ಗಡೆ, ಅರಗು ಕಾಸಿ ಕೂರಿಸಿದ್ದರು. ಯುದ್ಧ ಮುಗಿಯುವ ಹೊತ್ತಿಗೆ ಪಾಲುದಾರರಿಬ್ಬರಿಗೂ ಮುಖ ನೋಡಿದರೆ ಆಗದು. ಸಾಹುಕಾರರು ಬಂದು, "ಆ ಹಲ್ಗಿ ತೆಗಿ. ಆ ತಾವ್ರಿನೂ ಉಜ್ಜಿ ತೆಗಿ. ಅವ್ನ್ ಬಂದ್ಮೇಲೆ ತಾವ್ರಿ ಬಸ್ಸ್, ತಾವ್ರಿ ಬಸ್ಸ್ ಅಂದೇಳಿ ಹೆಸ್ರ್ ತಕಂಡದ್ದೆಲ್ಲ ಅವ್ನೇ. ಅವ್ನ್ ಗುರ್ತ್ ಒಂದೂ ಇಪ್ಪುಕಾಗ" ಎಂದರು.

ಹಲಗೆಗೆ ಎರಡು ದಿನ ಹಿಡಿಯಿತು. ಭಾವ ಒಂದು ಬದಿ, ನಮ್ಮನೆಯವರು ಇನ್ನೊಂದು ಬದಿ ಬಾಳೆನಾರಿನ ತುದಿ ಹಿಡಿದು, ಮಜ್ಜಿಗೆ ಕಡೆಯುವ ಹಾಗೆ ಎಳೆದರು. ನಮ್ಮನೆಯವರು ಇದ್ದಿಲ ಹೊಗೆಗೆ ಕೆಮ್ಮುತ್ತಿದ್ದರು, ನಡುನಡುವೆ ನಗುತ್ತಿದ್ದರು. "ಅಣ್ಣ, ಇದ್ ಬಿಡುದ್ರೊಳ್ಗೆ ನನ್ ಕೈ ಬಿಡ್ತ್" ಎನ್ನುತ್ತಿದ್ದರು. ಹಲಗೆ ಕೊನೆಗೆ ಭಾವನವರ ಅಂಗೈಗೆ ಹಣ್ಣಿನ ಹಾಗೆ ಬಿತ್ತು. ಅದರ ಅಡಿಯಲ್ಲಿ, ಬಿಸಿಲು ಮಳೆ ಕಾಣದ ಆ ಚೌಕದಲ್ಲಿ, ಮೊದಲ ದಿನದ ಹಸುರು ಹಾಗೆಯೇ ಇತ್ತು. ಅಣ್ಣತಮ್ಮಂದಿರು ಅದನ್ನು ನೋಡುತ್ತ ನಿಂತದ್ದನ್ನು ನಾನು ಬೇಲಿಯ ಆಚೆಯಿಂದ ನೋಡಿದೆ. ದೇವರ ಬಾಗಿಲು ತೆಗೆದಾಗ ನಿಲ್ಲುವ ಹಾಗೆ ನಿಂತಿದ್ದರು.

ತಾವರೆಯನ್ನು ಭಾವ ಮುಟ್ಟಲಿಲ್ಲ. ಸಾಹುಕಾರರು ಬಂದು ನೋಡಿ ಕೆಂಪಾದರು.

"ಅದೆಂತಕ್ಕೆ ಬಿಟ್ಟದ್ದ್?"

ಭಾವ ಹೆಬ್ಬೆರಳಿನಿಂದ ಒಮ್ಮೆ ತಾವರೆಯನ್ನು ಸವರಿ, "ಹಲ್ಗಿ ಅಂಟ್ಸದ್ದ್, ತೆಗ್ದೆ. ಇದ್ ಅಂಟ್ಸದ್ದಲ್ಲ. ಬಣ್ಣ" ಎಂದರು.

"ಬಸ್ಸಿನ್ ಯಜಮಾನ ನಾನಾ, ನೀನಾ?"

"ನೀವೇ. ಆರೆ ಈ ತಾವ್ರಿ ಆ ಹಲ್ಗಿ ಬಪ್ಪು ಮುಂಚೆಯೇ ಇದ್ದಿತ್. ಬಂದವ್ರ್ ಹೋಪತಿಗೆ ಅವ್ರ್ ತಂದದ್ದನ್ ತಕಂಡ್ ಹೋಯ್ಲಿ. ಮುಂಚೆ ಇದ್ದದ್ದನ್ ಎಂತಕ್ಕೆ ತೆಗುದ್?"

"ನಾಳೆ ಬೆಳಿಗ್ಗೆ ಅದ್ ಅಲ್ಲಿದ್ರೆ ನೀವಿಬ್ರೂ ಕೆಲ್ಸಕ್ಕೆ ಬಪ್ಪುದ್ ಬ್ಯಾಡ" ಎಂದು ಸಾಹುಕಾರರು ಹೋದರು.

ಮನೆಯಲ್ಲಿ ಆ ದಿನ ಭಾವನವರೊಬ್ಬರನ್ನು ಬಿಟ್ಟು ಯಾರೂ ಸರಿಯಾಗಿ ಉಣ್ಣಲಿಲ್ಲ. ನಮ್ಮನೆಯವರು, "ಅಣ್ಣ, ಬರೀ ಒಂದ್ ಹೂ ಅಲ್ದಾ. ಉಜ್ಜಿಬಿಡ್" ಎಂದರು. ಅಕ್ಕ ಅತ್ತಳು. ಭಾವ ಬಡಿಸಿದ್ದನ್ನು ಉಂಡು, ಕೈ ತೊಳೆದು, ಕಂಬಕ್ಕೆ, "ನಾಳಿಗೆ ಎಣ್ಣಿ ಬ್ಯಾಡ" ಎಂದು ಹೇಳಿ ಮಲಗಿದರು. ಮಾರನೆಯ ಬೆಳಿಗ್ಗೆ ಸಾಹುಕಾರರು ತಾವೇ ಒಂದು ಒರಟು ಕಾಗದ ಹಿಡಿದು ಉಜ್ಜಲು ಬಂದರು. ಬಸ್ಸಿಗೆ ಕಾದಿದ್ದ ಗಂಗೊಳ್ಳಿಯ ಮೀನು ಮಾರುವ ಹೆಂಗಸರು ಬುಟ್ಟಿ ಇಳಿಸಿ ಅವರನ್ನು ಸುತ್ತಿದರು. "ಎಂತ ಮಾಡ್ತ್ರಿ ಸಾಹ್ಕಾರ್ರೆ? ನಮ್ಗ್ ಓದುಕ್ ಬತ್ತಾ? ತಾವ್ರಿ ಕಂಡ್ ಹತ್ತುದ್ ನಾವ್. ಅದ್ ಹೋದ್ರೆ ಯಾವ್ ಬಸ್ಸ್ ಅಂದೇಳಿ ಹತ್ತುದ್?" ಎಂದು ಒಬ್ಬಳು ಕೇಳಿದಳು. ಇನ್ನೊಬ್ಬಳು, "ಹತ್ತುದಿಲ್ಲೆ. ಬೇರೆ ಬಸ್ಸಿಗ್ ಹೋಪ" ಎಂದು ಬುಟ್ಟಿ ಎತ್ತಿದಳು. ಸಾಹುಕಾರರು ಒರಟು ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು. ತಾವರೆ ಉಳಿಯಿತು. ನಮ್ಮ ಗಂಜಿಯೂ ಉಳಿಯಿತು.

ಅದರ ಮರುವರ್ಷದ ಮಳೆಗಾಲದಲ್ಲಿ ನಮ್ಮನೆಯವರು ಎಂಟು ದಿನ ಜ್ವರದಲ್ಲಿ ಮಲಗಿ, ಒಂಬತ್ತನೆಯ ದಿನ ಹೋಗಿಬಿಟ್ಟರು.

ಅದನ್ನು ಉದ್ದವಾಗಿ ಬರೆಯುವುದಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ಸಂಬಂಧದ ಹಿರಿಯ ಹೆಂಗಸೊಬ್ಬರು ನನ್ನನ್ನು ಹಿಂದಿನ ಜಗಲಿಯಲ್ಲಿ ಕೂರಿಸಿದರು. ಪಕ್ಕದಲ್ಲಿ ಅತ್ತೆ, ಆಚೆ ಅಕ್ಕ. ಕಾಲುಂಗುರ ತೆಗೆದರು. ಕರಿಮಣಿ ತೆಗೆದರು. ಆಮೇಲೆ ಆಕೆ ಹಿತ್ತಾಳೆಯ ಬಟ್ಟಲಿನ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ, ನನ್ನ ಗಲ್ಲ ಹಿಡಿದೆತ್ತಿದರು.

"ಅದನ್ ಮುಟ್ಟುಕಾಗ."

ಭಾವನವರ ದನಿ. ಹೆಂಗಸರಿರುವಲ್ಲಿಗೆ ಎಂದೂ ಬಾರದವರು ಬಂದು, ನಮಗೆ ಬೆನ್ನು ಹಾಕಿ, ಕಂಬದ ಕಡೆ ಮುಖ ಮಾಡಿ ನಿಂತಿದ್ದರು.

"ನ್ಯಾಯವಾ ಇದ್? ನೀ ಹೆರ್ಗ್ ಹೋಗ್. ಇಲ್ಲಿ ನಿಂಗೆಂತ ಕೆಲ್ಸ?" ಎಂದರು ಆಕೆ.

"ಕರಿಮಣಿ ನಾವ್ ಕಟ್ಟದ್ದ್. ಕಾಲುಂಗ್ರ ನಾವ್ ಹಾಕದ್ದ್. ತೆಗ್ದ್ರಿ, ಆಯ್ತ್. ಕುಂಕ್ಮ ನಾವ್ ಇಟ್ಟದ್ದಲ್ಲ. ಈ ಹೆಣ್ಣ್ ಈ ಮನಿಗೆ ಬಪ್ಪು ಮುಂಚೆ, ತೊಟ್ಲಗ್ ಇಪ್ಪತಿಗೆ ಅದ್ರ್ ಅಬ್ಬಿ ಇಟ್ಟದ್ದ್." ಅವರು ಕಂಬಕ್ಕೇ ಹೇಳುತ್ತಿದ್ದರು, ನಿಧಾನವಾಗಿ, ಸಾಹುಕಾರರಿಗೆ ಹೇಳಿದ ಹಾಗೆಯೇ. "ಅದ್ ಅಂಟ್ಸದ್ದಲ್ಲ. ಬಣ್ಣ."

"ಶಾಸ್ತ್ರ ಬ್ಯಾಡ್ದಾ?"

"ನಂಗೆ ಶಾಸ್ತ್ರ ಗೊತ್ತಿಲ್ಲೆ. ಬಣ್ಣ ಗೊತ್ತಿತ್ತ್."

"ಊರ್ ಎಂತ ಹೇಳ್ತ್?" ಎಂದ ಆಕೆ ಅತ್ತೆಯ ಕಡೆ ತಿರುಗಿ, "ನೀನಾರೂ ಹೇಳ್ ನಿನ್ ಮಗಂಗೆ" ಎಂದರು.

ಅಷ್ಟರಲ್ಲಿ ಭಾವನವರು ದನಿ ತಗ್ಗಿಸಿ, "ಅಬ್ಬಿ, ಅಪ್ಪಯ್ಯ ಹೋದತಿಗೆ ನಿನ್ ಹಣಿ ತಿಕ್ಕದ್ದ್ ನಾನ್ ಕಂಡಿದೆ. ಬಾಗ್ಲ್ ಸಂದಿಯಗ್ ನಿಂತಿದ್ದೆ. ಎಂಟ್ ವರ್ಷ ನಂಗೆ. ಚರ್ಮ ಎದ್ದಿತ್" ಎಂದರು.

ಅತ್ತೆಯ ಕೈ ತಾನಾಗಿ ಹಣೆಯ ಬಿಳಿ ಕಲೆಗೆ ಹೋಯಿತು. ಆಮೇಲೆ ಅವರು ಕೈ ಚಾಚಿ ಆ ಒದ್ದೆ ಬಟ್ಟೆಯನ್ನು ಹಿರಿಯ ಹೆಂಗಸಿನ ಕೈಯಿಂದ ತೆಗೆದುಕೊಂಡರು. ಬಟ್ಟಲಿನೊಳಗೆ ಹಾಕಿದರು. "ನೀರನ್ ಬಾಳಿ ಬುಡಕ್ಕೆ ಚೆಲ್ಲ್ ಹೆಣ್ಣೆ" ಎಂದು ಅಕ್ಕನಿಗೆ ಹೇಳಿದರು. ಭಾವ ಕಂಬವನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ ಹೊರಗೆ ಹೋದರು.

ಊರು ಆಡಿತು. ಆಡಬೇಕಾದಷ್ಟು ದಿನ ಆಡಿ, ಆಮೇಲೆ ಬೇರೆ ವಿಷಯ ಸಿಕ್ಕಿದಾಗ ಬಿಟ್ಟಿತು. ಏಳೆಂಟು ವರ್ಷದಲ್ಲಿ ಒಮ್ಮೆಯೂ ನನ್ನ ಮುಖ ನೋಡದ ಮನುಷ್ಯನಿಗೆ ನನ್ನ ಹಣೆಯ ಮೇಲೆ ಏನಿದೆ ಎಂದು ಹೇಗೆ ಗೊತ್ತಿತ್ತು ಎಂದು ನಾನು ಈಗಲೂ ಯೋಚಿಸುವುದುಂಟು.

ಮಾರನೆಯ ದಿನ ಬೆಳಿಗ್ಗೆ ಒಲೆ ಹಚ್ಚಲು ಹೋದಾಗ ಕಿಟಕಿಯ ಕಟ್ಟೆಯ ಮೇಲೆ ತೆಂಗಿನೆಣ್ಣೆಯ ಬಾಟ್ಲಿ ಇತ್ತು. ನಾನು ಆ ಮನೆಗೆ ಬಂದ ಮೇಲೆ ಮೊದಲ ಸಲ ಅದು ಬಾಯಿಮಟ್ಟ ತುಂಬಿತ್ತು. ಅದರ ಪಕ್ಕದಲ್ಲಿ ಪೇಟೆಯಿಂದ ತಂದ ಕುಂಕುಮದ ಒಂದು ಹೊಸ ಡಬ್ಬಿ. ಎತ್ತಿ ನೋಡಿದೆ. ಮುಚ್ಚಳದ ಮೇಲೆ ಲಕ್ಷ್ಮಿಯ ಚಿತ್ರದ ಚೀಟಿ, ನಾಲ್ಕು ಮೂಲೆಯೂ ಗಟ್ಟಿಯಾಗಿ ಅಂಟಿಕೊಂಡು, ಅಂಗಡಿಯಲ್ಲಿದ್ದ ಹಾಗೆಯೇ ಇತ್ತು.

ಡಬ್ಬಿ ಎಷ್ಟೋ ಸಲ ಖಾಲಿಯಾಗಿ ತುಂಬಿದೆ. ಚೀಟಿಯ ಬಣ್ಣ ಸ್ವಲ್ಪ ಮಾಸಿದೆ. ನಮ್ಮ ಮನೆಯಲ್ಲಿ ಚೀಟಿ ಇರುವ ಡಬ್ಬಿ ಈಗಲೂ ಅದೊಂದೇ.